ನಗುತ್ತಲೇ ಒರಗಿದವನು

ಪೆರಿಯಣ್ಣನ್ ಫೋನ್ ಮಾಡುವುದು ಯಾರಾದರೂ ಸತ್ತಾಗ ಮಾತ್ರ. ಆದ್ದರಿಂದ, ದ್ರಾಕ್ಷಿ ಚಪ್ಪರದ ಕೆಳಗೆ ಕತ್ತೆತ್ತಿ ನಿಂತು, ಗೊಂಚಲಲ್ಲಿ ಒತ್ತೊತ್ತಾಗಿದ್ದ ಕಾಯಿಗಳನ್ನು ಸಣ್ಣ ಕತ್ತರಿಯಿಂದ ಬಿಡಿಸುತ್ತಿದ್ದ ಕಾಳಿಮುತ್ತು, ಜೇಬಿನಲ್ಲಿ ಫೋನು ನಡುಗಿದಾಗ ಹೆಸರು ನೋಡಿ ಕೂಡಲೇ ಎತ್ತಲಿಲ್ಲ. ಕೈಯಲ್ಲಿದ್ದ ಗೊಂಚಲು ಮುಗಿಸಿದ. ಫೋನು ನಿಂತು ಮತ್ತೆ ನಡುಗಿತು. ಒಂದು ವಾರದಿಂದ ಟಿವಿಯಲ್ಲಿ ಯುದ್ಧ ನಡೆದಿತ್ತು. ಗೂಡಲೂರಿನ ಟೀ ಅಂಗಡಿಯಲ್ಲಿ ಜನ ಅವನನ್ನು ಕಂಡ ಕೂಡಲೇ ಗ್ಲಾಸು ಕೆಳಗಿಟ್ಟು, ಡೆಲ್ಲಿಯಿಂದ ಅವನಿಗೆ ನೇರವಾಗಿ ಸುದ್ದಿ ಬರುತ್ತದೆಂಬಂತೆ, ಮುಂದೇನಾಗುತ್ತದೆ ಸಾರ್ ಎಂದು ಕೇಳುತ್ತಿದ್ದರು. ಅವನು ಹುಡುಗು ವಯಸ್ಸಿನ ಸಿಪಾಯಿಯಾಗಿ ಕಾರ್ಗಿಲ್‌ನಲ್ಲಿದ್ದದ್ದು ನಿಜ. ಆದರೆ ಆ ಯುದ್ಧದಲ್ಲಿ ಅವನು ಕಂಡದ್ದೆಲ್ಲ ತನ್ನ ಮುಂದೆ ಹತ್ತುತ್ತಿದ್ದವನ ಬೆನ್ನಿನ ಮೂಟೆ, ಅದರ ಕೆಳಗೆ ಎದ್ದು ಬೀಳುತ್ತಿದ್ದ ಎರಡು ಹಿಮ್ಮಡಿ. ಗೆದ್ದೆವೆಂಬುದು ಅವನಿಗೂ ತಿಳಿದದ್ದು ರೇಡಿಯೋದಿಂದಲೇ. ಇದನ್ನು ಟೀ ಅಂಗಡಿಯಲ್ಲಿ ಹೇಳಲಾಗುವುದಿಲ್ಲ. ಅವನು ಸುಮ್ಮನೆ ತಲೆಯಾಡಿಸುತ್ತಿದ್ದ; ಅವರು ಅದನ್ನು ಸೇನೆಯ ಗುಟ್ಟೆಂದು ತಿಳಿದು ಗೌರವದಿಂದ ಸುಮ್ಮನಾಗುತ್ತಿದ್ದರು.

"ಕವಿಞರೇ," ಎಂದ ಪೆರಿಯಣ್ಣನ್, ದಿಂಡಿಗಲ್‌ನಿಂದ, ತಮಿಳಿನಲ್ಲಿ. ಮಾಜಿ ಸೈನಿಕರ ಸಂಘದ ಕಾರ್ಯದರ್ಶಿ ಅವನು. ಕವಿಗಳೇ ಎಂಬ ಆ ಕರೆಯನ್ನು ಸುಬೇದಾರರೇ ಎಂಬ ಹಾಗೆ, ಒಂದು ಹುದ್ದೆಯೆಂಬಂತೆ ಕರೆಯುತ್ತಿದ್ದ. "ನಿಮ್ಮ ಜಿಲ್ಲೆಯ ಹುಡುಗ. ಆಂಡಿಪಟ್ಟಿಯಿಂದ ಒಳಗೆ. ಅಜಿತ್‌ಕುಮಾರ್ ಅಂತ. ಗಡಿಯಲ್ಲಿ ಶೆಲ್ ಬಿದ್ದು ಹೋಗಿದ್ದಾನೆ. ಬೆಳಿಗ್ಗೆ ಮಧುರೆಗೆ ಬಂದಾಗಿದೆ, ಮಧ್ಯಾಹ್ನ ಊರಿಗೆ. ಆಮೇಲೆ, ನಿಮ್ಮವರೇ ಅವರು. ಮನೆಯಲ್ಲಿ ಕನ್ನಡ ಆಡುವವರು. ನೀವು ಬರಲೇಬೇಕು. ನಿಮ್ಮ ಆ ಪದ್ಯ ಪೂರ್ತಿ ಬೇಡ, ಕೊನೆಯ ಎರಡು ಭಾಗ ಸಾಕು, ದೊಡ್ಡವರೊಬ್ಬರು ಬರುತ್ತಾರೆ, ಅವರಿಗೆ ಟೈಮಿಲ್ಲ." ಬರುವುದಿಲ್ಲ ಎನ್ನಲು ಕಾಳಿಮುತ್ತು ಬಾಯಿ ತೆರೆದ. ಗೊಂಚಲಿನಿಂದ ಒಂದು ಹಸಿರು ಕಾಯಿ ಉದುರಿ ಅವನ ಕೆನ್ನೆಗೆ ಬಡಿಯಿತು. "ಸರಿ," ಎಂದ.

ಮನೆಯಲ್ಲಿ ಹೆಂಡತಿ ಮಣಿಮೇಗಲೈ ಬಿಳಿ ಅಂಗಿಗೆ ಇಸ್ತ್ರಿ ಹಾಕುತ್ತಿದ್ದಳು. ಅವಳಿಗೆ ಏನನ್ನೂ ಹೇಳಬೇಕಾಗಿರಲಿಲ್ಲ. ಅವನು ತೋಟದಿಂದ ಹೊತ್ತಿಗೆ ಮುಂಚೆ ಬಂದು ಬೀರುವಿನಿಂದ ಪದಕಗಳ ಡಬ್ಬಿ ತೆಗೆದರೆ ಅದರ ಅರ್ಥ ಒಂದೇ. "ಯಾವೂರು?" ಎಂದಳು. ಹೇಳಿದ. "ವಯಸ್ಸೆಷ್ಟಂತೆ?" ಗೊತ್ತಿಲ್ಲ ಎಂದ; ಕೇಳಬೇಕೆಂದೂ ಅವನಿಗೆ ತೋಚಿರಲಿಲ್ಲವೆಂಬುದು ಆಗ ಹೊಳೆಯಿತು. ಅವಳು ಕಾಲರನ್ನು ಮಡಚಿ ಒತ್ತುತ್ತ, ತಲೆಯೆತ್ತದೆ, "ಇನ್ನೂ ಎಷ್ಟ್ ದಪ ಅದನ್ನೇ ಓದ್ತೀಯ ನೀನು? ಬೇರೆ ಒಂದು ಬರೀಬಾರ್ದಾ?" ಎಂದಳು. ಬರೆದಿದ್ದ. ಮಂಜಿನಲ್ಲಿ ಕೂತುಬಿಟ್ಟು ಏಳಲೊಲ್ಲದ ಹೇಸರಗತ್ತೆಯ ಮೇಲೆ ಒಂದು. ಸೀಮೆಎಣ್ಣೆ ವಾಸನೆಯ ರೊಟ್ಟಿಯ ಮೇಲೆ ಒಂದು. ಮಧುರೆಯ ಪತ್ರಿಕೆಯವರು ಎರಡನ್ನೂ ಹಿಂದಕ್ಕೆ ಕಳಿಸಿ, ಇದರಲ್ಲಿ ವೀರವಿಲ್ಲ, ತಮ್ಮಿಂದ ನಾವು ಬಯಸುವುದು ಬೇರೆ ಎಂದು ಬರೆದಿದ್ದರು. ಆಮೇಲೆ ಅವನು ಬರೆಯುವುದನ್ನು ನಿಲ್ಲಿಸಿದ್ದನೋ, ಬರೆಯುವುದೇ ಅವನನ್ನು ಬಿಟ್ಟು ಹೋಗಿತ್ತೋ, ಅವನಿಗೇ ಸರಿಯಾಗಿ ತಿಳಿಯದು. ಪ್ಯಾಂಟಿನ ಗುಂಡಿ ಹಾಕಲು ಉಸಿರು ಎಳೆದುಕೊಳ್ಳಬೇಕಾಯಿತು. ಸೈನ್ಯದ ಬೆರೆ ಟೋಪಿ ತಲೆಯ ಮೇಲೆ ದೋಸೆಯ ಹಾಗೆ ಕೂತಿತು. ಕನ್ನಡಿಯಲ್ಲಿ ಕಂಡವನನ್ನು ಯಾರು ತಾನೇ ಯುದ್ಧಕ್ಕೆ ಕರೆದಾರು? ಸಾವಿಗೆ ಕರೆಯುತ್ತಾರೆ, ಅಷ್ಟೆ.

ಬಸ್ಸಿನಲ್ಲಿ ಕಿಟಕಿಯ ಪಕ್ಕ ಸೀಟು ಸಿಕ್ಕಿತು. ಕಂಬಂ ದಾಟಿ ಉತ್ತಮಪಾಳಯಂ ಬರುವಷ್ಟರಲ್ಲಿ ಬಿಸಿಗಾಳಿ ಮುಖಕ್ಕೆ ಒರಟು ಬಟ್ಟೆಯ ಹಾಗೆ ಉಜ್ಜುತ್ತಿತ್ತು. ಪಕ್ಕದವನು ಫೋನಿನಲ್ಲಿ ಯಾವುದೋ ಊರಿನ ಆಕಾಶದಲ್ಲಿ ಕೆಂಪು ಚುಕ್ಕೆಗಳು ಹಾರುವುದನ್ನು ಮತ್ತೆ ಮತ್ತೆ ನೋಡುತ್ತಿದ್ದ. ಕೊನೆಗೆ ಅದನ್ನು ಜೇಬಿಗಿಟ್ಟು, ಕಾಳಿಮುತ್ತುವಿನ ಎದೆಯ ಪದಕಗಳನ್ನು ಕಂಡು, ಸ್ನೇಹದಿಂದ, "ಯಾವ ಎಸ್ಟೇಟಿನಲ್ಲಿ ವಾಚ್‌ಮನ್ ಅಣ್ಣೇ ನೀವು?" ಎಂದು ತಮಿಳಿನಲ್ಲಿ ಕೇಳಿದ. ಕಾಳಿಮುತ್ತು ಬಾಯಿಗೆ ಬಂದ ಒಂದು ಎಸ್ಟೇಟಿನ ಹೆಸರು ಹೇಳಿಬಿಟ್ಟ. ಯಾಕೆ ಹೇಳಿದೆನೆಂದು ಚಿನ್ನಮನೂರು ಬರುವವರೆಗೂ ಯೋಚಿಸಿದ. ಪದಕಗಳನ್ನು ಬಿಚ್ಚಿ ಜೇಬಿಗೆ ಹಾಕಿಕೊಳ್ಳಬೇಕೆನಿಸಿತು; ಈಗ ಬಿಚ್ಚಿದರೆ ಪಕ್ಕದವನು ಏನು ತಿಳಿದಾನೆಂದು ಬಿಚ್ಚಲಿಲ್ಲ. ಆ ಮನುಷ್ಯ ಅಲ್ಲಿ ಊಟದ ವ್ಯವಸ್ಥೆ ಹೇಗೆ, ರಾತ್ರಿ ಪಾಳಿಗೆ ಬೇರೆ ಕೊಡುತ್ತಾರಾ ಎಂದೆಲ್ಲ ಕೇಳಿದ. ಕಾಳಿಮುತ್ತು ಎಲ್ಲಕ್ಕೂ ಉತ್ತರ ಹೇಳಿದ. ಸುಳ್ಳು ಎಷ್ಟು ಸಲೀಸಾಗಿ ಹರಿಯಿತೆಂದರೆ, ಥೇಣಿಯಲ್ಲಿ ಇಳಿದು ಬಸ್ಸು ಬದಲಿಸುವಾಗ ತಾನು ನಿಜವಾಗಿಯೂ ಆ ವಾಚ್‌ಮನ್ ಕೆಲಸವನ್ನೇ ಬಿಟ್ಟು ಬಂದವನಂತೆ ಒಂದು ಗಳಿಗೆ ಹಗುರಾದ.

ಅವನ ಆ ಒಂದು ಪದ್ಯವೂ ಹೀಗೇ ಸಲೀಸಾಗಿಯೇ ಬಂದಿತ್ತು. ಶ್ರೀನಗರದ ಆಸ್ಪತ್ರೆಯಲ್ಲಿ, ಮಂಜಿಗೆ ಕಪ್ಪಾದ ಕಾಲ್ಬೆರಳುಗಳಿಗೆ ಪಟ್ಟಿ ಕಟ್ಟಿಸಿಕೊಂಡು ಮಲಗಿದ್ದಾಗ, ಔಷಧದ ಚೀಟಿಯ ಹಿಂದೆ. ಜೊತೆಯ ಸಿಪಾಯಿ ದುರೈ ಸತ್ತು ಹದಿನೈದು ದಿನವೂ ಆಗಿರಲಿಲ್ಲ. ದಿಂಡಿಗಲ್‌ನ ಬೀಗದ ಕೆಲಸದವನ ಮಗ ದುರೈ. ಟ್ರಂಕಿನ ಬೀಗದ ಕೈ ಯಾರು ಕಳಕೊಂಡರೂ ಒಂದು ತಂತಿಯಲ್ಲಿ ತೆಗೆದುಕೊಟ್ಟು, ತೆಗೆದ ಮೇಲೆ ಬೀಗವನ್ನೂ ಬೀಗದ ಒಡೆಯನನ್ನೂ ಸೇರಿಸಿ ಬೈಯುತ್ತಿದ್ದವನು. ತಮಿಳು ಪದ್ಯಕ್ಕೆ ಸಾಲಿನೊಳಗಿನ ಪದಗಳ ಮೊದಲಕ್ಷರಗಳು ಒಂದಕ್ಕೊಂದು ಕೂಡಬೇಕು. ಸತ್ತವನು ಬೀಳಬೇಕಾದ ಕಡೆ ಸಾಯ್ಂದಾನ್, ಒರಗಿದ, ಎಂಬ ಮಾತು ತಾನಾಗಿ ಬಂದು ಕೂತಿತ್ತು, ಅದಕ್ಕೆ ಜೋಡಿಯಾಗಿ ಇನ್ನೊಂದು 'ಸ' ಬೇಕಿತ್ತು, ಆ ಸ ಹುಡುಕಿಕೊಂಡು ಸಿರಿತ್ತಪಡಿಯೇ, ನಗುತ್ತಲೇ, ಎಂಬುದು ಬಂತು. ಸಿರಿತ್ತಪಡಿಯೇ ಸಾಯ್ಂದಾನ್. ನಗುತ್ತಲೇ ಒರಗಿದ. ದುರೈ ನಕ್ಕದ್ದು ಆ ಒಂದಕ್ಷರಕ್ಕಾಗಿ. ಬರೆದವನೇ ಅದನ್ನು ಓದಿಕೊಂಡು ಅತ್ತ. ಪಕ್ಕದ ಹಾಸಿಗೆಯ ಸೇಲಂ ಹುಡುಗನೂ ಅತ್ತ. ನರ್ಸು ನಕಲು ಮಾಡಿಕೊಂಡಳು. ಆಮೇಲೆ ಅದು ವಾರಪತ್ರಿಕೆಯಲ್ಲಿ ಬಂತು, ಪೋಸ್ಟರಿನಲ್ಲಿ ಬಂತು, ಶಾಲೆಯ ಮಕ್ಕಳು ಆಗಸ್ಟ್ ಹದಿನೈದಕ್ಕೆ ಕೈ ಬೀಸಿ ಹೇಳತೊಡಗಿದರು. ದುರೈಯ ತಾಯಿ ಅದಕ್ಕೆ ಚೌಕಟ್ಟು ಹಾಕಿಸಿ ಮಗನ ಪಟದ ಪಕ್ಕದಲ್ಲೇ ತೂಗುಹಾಕಿದ್ದಳು. ಕಾಳಿಮುತ್ತು ರಜೆಗೆ ಹೋದಾಗಲೆಲ್ಲ ಅವಳು ಕಾಫಿ ಕೊಟ್ಟು, ಎದುರಿಗೆ ಕೂತು, ಆ ಸಾಲು ಇನ್ನೊಂದು ಸಲ ಓದಪ್ಪ ಎನ್ನುತ್ತಿದ್ದಳು, ಓದಿದರೆ ಅವಳ ಮುಖದಲ್ಲೇ ಒಂದು ನಗು ಮೂಡುತ್ತಿತ್ತು. ಆ ನಗುವನ್ನು ಇಟ್ಟುಕೊಂಡೇ ಅವಳು ಹೋದಳು. ಅದು ತಪ್ಪೆಂದು ಯಾರು ಹೇಳಬಲ್ಲರು? ಕಾಳಿಮುತ್ತು ಎಷ್ಟೋ ಸಲ ತನಗೇ ಹೀಗೆ ಹೇಳಿಕೊಂಡಿದ್ದಾನೆ, ಪ್ರತಿ ಸಲವೂ ಅವಳ ಕಾಫಿಯ ಸಿಹಿ ಬಾಯಿಗೆ ಬಂದು ನಾಲಗೆ ಅಂಟುತ್ತದೆ.

ಆಂಡಿಪಟ್ಟಿಯಿಂದ ಷೇರ್ ಆಟೋದಲ್ಲಿ ಊರು ತಲುಪಿದಾಗ ಬೀದಿಗೆ ಬೀದಿಯೇ ಶಾಮಿಯಾನದ ಕೆಳಗೆ ಸೇರಿಹೋಗಿತ್ತು. ಪ್ಲಾಸ್ಟಿಕ್ ಕುರ್ಚಿಗಳು, ಪೊಲೀಸರು, ಕರೆಂಟ್ ಕಂಬದಿಂದ ಕಂಬಕ್ಕೆ ಕಟ್ಟಿದ ಫ್ಲೆಕ್ಸುಗಳು. ಫ್ಲೆಕ್ಸಿನಲ್ಲಿ ಅಜಿತ್‌ಕುಮಾರನಿಗೆ ಇನ್ನೂ ಮೀಸೆ ಸರಿಯಾಗಿ ಬಂದಿರಲಿಲ್ಲ. ಅವನ ತಲೆಯ ಮೇಲೆ, ಅವನ ಹೆಸರಿಗಿಂತ ದೊಡ್ಡ ಅಕ್ಷರದಲ್ಲಿ, ಸಿರಿತ್ತಪಡಿಯೇ ಸಾಯ್ಂದಾನ್. ರಜೆಯ ತಿಂಗಳಾದರೂ ಹೆಡ್‌ಮಾಸ್ಟರು ಮನೆಮನೆಗೆ ಫೋನ್ ಮಾಡಿ ಶಾಲೆಯ ಮಕ್ಕಳಿಗೆ ಯೂನಿಫಾರಂ ಹಾಕಿಸಿ ಕರೆಸಿದ್ದರು. ಅವರು ಕೈಗೊಂದು ಕಾಗದದ ಬಾವುಟ ಹಿಡಿದು ಬಿಸಿಲಿನಲ್ಲಿ ಸಾಲಾಗಿ ನಿಂತಿದ್ದರು. ಪೆರಿಯಣ್ಣನ್ ಓಡಿ ಬಂದು ಕೈ ಹಿಡಿದ. ಅಂಗಿಯೆಲ್ಲ ಬೆವರಿನಿಂದ ಮೈಗಂಟಿತ್ತು. "ವ್ಯಾನು ಘಾಟಿಯ ಕಣವಾಯ್ ಹತ್ತಿರ ಬಂದಿದೆಯಂತೆ. ದೊಡ್ಡವರು ಇನ್ನೂ ಹೊರಟಿಲ್ಲ. ನೀವು ಮೊದಲು ಒಳಗೆ ಹೋಗಿ ಬನ್ನಿ. ತಾಯಿ ಬೆಳಿಗ್ಗೆಯಿಂದ ನಿಮ್ಮನ್ನು ಕೇಳುತ್ತಿದ್ದಾಳೆ."

"ನನ್ನನ್ನಾ?"

"ಪದ್ಯ ಬರೆದವನನ್ನು. ನಿನ್ನೆ ನಿಮ್ಮ ಆಡಿಯೋ ನಾನೇ ಅವರ ಮನೆಗೆ ವಾಟ್ಸಾಪಿನಲ್ಲಿ ಕಳಿಸಿದ್ದೆ," ಎಂದ ಪೆರಿಯಣ್ಣನ್, ಒಳ್ಳೆಯ ಕೆಲಸ ಮಾಡಿದವನ ಮುಖದಲ್ಲಿ. "ಸಮಾಧಾನ ಆಗಲಿ ಅಂತ."

ಒಳಗೆ ಕತ್ತಲು, ಹೆಂಗಸರ ಮೈಯ ಬಿಸಿ, ಮುಡಿಯಲ್ಲಿ ಬಾಡಿದ ಕನಕಾಂಬರ. ಅಳು ದಣಿದು ಈಗ ಬರೀ ಉಸಿರಾಗಿತ್ತು. ಸತ್ತವನ ಅಕ್ಕ ಪಾಂಡೀಶ್ವರಿ ಎದ್ದು ದಾರಿ ಬಿಡಿಸಿಕೊಟ್ಟಳು. ಗೋಡೆಗೊರಗಿ ಕೂತಿದ್ದ ಮುನಿಯಮ್ಮಾಳ್ ಅಳುತ್ತಿರಲಿಲ್ಲ. ಅರವತ್ತರ ಹತ್ತಿರದ ಒಣ ಮೈ, ಕಾಲಿನ ಹಿಮ್ಮಡಿಗಳಲ್ಲಿ ಬಿರುಕು, ಆ ಬಿರುಕಿನಲ್ಲಿ ಹೊಲದ ಕೆಂಪು. ಅವಳು ಅವನ ಪದಕಗಳನ್ನು ನೋಡಲಿಲ್ಲ, ಮುಖವನ್ನೇ ನೋಡಿದಳು. ಅವನು ನೆಲದ ಮೇಲೆ ಕೂರಲು ಹೋದಾಗ ಪ್ಯಾಂಟು ಬಿಗಿದು, ಅರ್ಧ ಬಗ್ಗಿ, ಒಂದು ಕೈಯೂರಿ ಹೇಗೋ ಕೂತ. ಆ ಹೊತ್ತಿನಲ್ಲೂ ಹೊಲಿಗೆ ಬಿಟ್ಟೀತೆಂಬ ಹೆದರಿಕೆಯೇ ಮನಸ್ಸಿನಲ್ಲಿ ಮೊದಲು ಬಂದದ್ದಕ್ಕೆ ನಾಚಿದ.

"ನೀನಾ ತಂಬಿ ಆ ಪಾಟ್ಟು ಬರ್ದೋನು?"

"ನಾನೇ ಅಕ್ಕಾ."

"ನಮ್ಮೋರಂತೆ."

"ಊಂ ಅಕ್ಕಾ. ಗೂಡಲೂರು."

ಅವಳು ಸ್ವಲ್ಪ ಮುಂದೆ ಬಾಗಿದಳು. "ಪೆಟ್ಟೀನ ತೆಗೀಬ್ಯಾಡ ಅಂತವ್ರೆ. ಮೊಕ ನೋಡೋಂಗಿಲ್ಲವಂತೆ. ಕಟ್ಟಿರೋದು ಕಟ್ಟಿದಂಗೇ ಓಗ್ಬೇಕಂತೆ. ನೀನಾದ್ರೆ ನೋಡ್ದಂಗೆ ಪಾಡಿದ್ದೀಯ, ನಕ್ಕೊಂಡೇ ಬಿದ್ದ ಅಂತ. ಯೋಳು ತಂಬಿ. ಎಂಗ್ ನಗ್ತಿದ್ದ ನನ್ ಮಗ?"

ಅವನಿಗೆ ಮೊದಲು ಅರ್ಥವಾಗಲಿಲ್ಲ. ಆ ಪದ್ಯವನ್ನು ಅವಳು ಪದ್ಯವೆಂದು ಕೇಳಿರಲಿಲ್ಲ. ಮಗನ ಕಡೆಯಿಂದ ಬಂದ ಸುದ್ದಿಯೆಂದು ಕೇಳಿದ್ದಳು. ಇಷ್ಟು ವರ್ಷ ಎಷ್ಟೋ ಮನೆಗಳ ಮುಂದೆ ಅವನು ಅದನ್ನು ಓದಿದ್ದ, ಜನ ಕಣ್ಣೊರೆಸಿಕೊಂಡಿದ್ದರು, ಚಪ್ಪಾಳೆ ತಟ್ಟಬಾರದೆಂದು ಗೊತ್ತಿದ್ದೂ ತಟ್ಟಿದ್ದರು, ಕೈ ಕುಲುಕಿದ್ದರು. ಒಬ್ಬರೂ ಹೌದಾ ಎಂದು ಕೇಳಿರಲಿಲ್ಲ. "ಅಕ್ಕಾ," ಎಂದ, "ಅದು ನಿನ್ ಮಗನ ಪಾಟ್ಟಲ್ಲ. ನಾನು ಅವ್ನ ನೋಡಿಲ್ಲ. ಅದು ಆ ಕಾಲದಲ್ಲಿ ಬರ್ದಿದ್ದು. ಬೇರೆ ಒಬ್ಬನ್ನ."

"ಬೇರೆ ಒಬ್ಬನ್ನ." ಅವಳು ಆ ಮಾತನ್ನು ಅಂಗೈಯಲ್ಲಿಟ್ಟು ತೂಗಿದಂತೆ ಹೇಳಿಕೊಂಡಳು. ಪಕ್ಕದ ಮುದುಕಿಯೊಬ್ಬಳು ಸುಮ್ನಿರು ಮುನಿಯಮ್ಮಾ ಎಂದಳು. ಅವಳು ಸುಮ್ಮನಿರಲಿಲ್ಲ. "ಶರಿ. ಅವ್ನಾದ್ರೂ ನಕ್ಕನಾ?"

ಪಾಟ್ಟಲ್ಲಿ ಅಂಗೇ ಯೋಳ್ತಾರೆ ಅಕ್ಕಾ, ಎಂದು ಹೇಳಿ ಏಳಬಹುದಿತ್ತು. ನಕ್ಕ ಅಕ್ಕಾ, ನಿನ್ನ ಮಗನೂ ನಕ್ಕಿರುತ್ತಾನೆ, ಎನ್ನಬಹುದಿತ್ತು. ದಿಂಡಿಗಲ್‌ನ ಆ ತಾಯಿ ಅದರ ಮೇಲೆಯೇ ಬದುಕಿದಳು. ತಮಿಳಿನಲ್ಲಿ ಕೇಳಿದ್ದರೆ ಹಾಗೇ ಹೇಳುತ್ತಿದ್ದನೇನೋ. ಆದರೆ ಇವಳು ಕೇಳಿದ್ದು ಅವನ ಅವ್ವ ಅವನನ್ನು, ಹಿಟ್ಟು ಮುಗೀತಾ, ದನ ನೀರು ಕುಡೀತಾ ಎಂದು ಕೇಳುತ್ತಿದ್ದ ಮಾತಿನಲ್ಲಿ. ಓದಲು ಬಾರದ, ಬರೆಯಲು ಬಾರದ, ಮನೆಯ ಹೊಸ್ತಿಲಾಚೆ ಯಾರಿಗೂ ಬೇಡದ ಆ ಮಾತಿನಲ್ಲಿ ಅವನು ಯುದ್ಧದ ಬಗ್ಗೆ ಒಂದು ಸಾಲನ್ನೂ ಎಂದೂ ಆಡಿರಲಿಲ್ಲ. ಹೆಂಡತಿಗೂ ಆಡಿರಲಿಲ್ಲ. ಗಾಯಗೊಂಡ ದುರೈಯನ್ನು ಮಲಗಿಸಿದ ಕಂಬಳಿಯ ನಾಲ್ಕು ಮೂಲೆ ನಾಲ್ವರು ಹಿಡಿದು, ಕಲ್ಲಿನಿಂದ ಕಲ್ಲಿಗೆ ಕಾಲಿಟ್ಟು ಇಳಿಯುತ್ತಿದ್ದದ್ದು, ಕಂಬಳಿ ಒದ್ದೆಯಾಗಿ ಭಾರವಾಗುತ್ತ ಹೋದದ್ದು, ಎಡಗಡೆಯ ಹಿಂದಿನ ಮೂಲೆ ತನ್ನದಾಗಿದ್ದದ್ದು, ಬೆರಳುಗಳಲ್ಲಿ ಹಿಡಿತವೇ ಇಲ್ಲದೆ ಮೂಲೆ ಮತ್ತೆ ಮತ್ತೆ ಜಾರಿದ್ದು, ಜಾರಿದಾಗಲೆಲ್ಲ ಕಂಬಳಿಯೊಳಗಿಂದ ದುರೈ, ನೇರ ಹಿಡಿಯೋ ಮುಟ್ಟಾಳ, ನಿನಗೆ ಮೂಟೆ ಹೊರೋದೂ ಬರಲ್ಲ, ಪದ್ಯ ಬರೀತಾನಂತೆ ಪದ್ಯ, ಎಂದು ಬೈದದ್ದು. ಒಂದೇ ಸಮನೆ ಬೈದ. ತಾಯಿಯೊಬ್ಬಳನ್ನು ಬಿಟ್ಟು ಕಾಳಿಮುತ್ತುವಿನ ವಂಶದಲ್ಲಿ ಎಲ್ಲರನ್ನೂ ಬೈದ. ಆಮೇಲೆ ಎಲ್ಲೋ ಒಂದು ತಿರುವಿನಲ್ಲಿ ಬೈಗುಳ ನಿಂತಿತು. ಸದ್ಯ, ಬಾಯಿ ಮುಚ್ಚಿದನಲ್ಲ ಎಂದು ಕಾಳಿಮುತ್ತುವಿಗೆ ಅನಿಸಿತ್ತು. ಬಹಳ ಹೊತ್ತು, ಕೆಳಗಿನ ಟೆಂಟು ಕಾಣುವವರೆಗೂ, ಅವನಿಗೆ ನಿರಾಳವಾಗಿಯೇ ಇತ್ತು.

"ಇಲ್ಲ ಅಕ್ಕಾ," ಎಂದ. "ನಗ್ಲಿಲ್ಲ. ಬೈದ."

ಪಾಂಡೀಶ್ವರಿ ಗಾಬರಿಯಿಂದ ತಾಯಿಯ ಭುಜ ಹಿಡಿದಳು.

"ಯಾರ್ನ ಬೈದ?"

"ನನ್ನ. ನಾನು ಅವ್ನ ಕಂಬ್ಳೀಲಿ ತೂಕ್ಕೊಂಡ್ ಬರ್ತಿದ್ದೆ. ಕೈ ಜಾರ್ತಿತ್ತು. ಸರಿಯಾಗಿ ಇಡ್ಕೊಳೋ ಅಂತ ಬೈದ. ದಾರಿಯುದ್ದ ಬೈದ."

ಮುನಿಯಮ್ಮಾಳ್ ಅವನನ್ನೇ ನೋಡುತ್ತಿದ್ದಳು. "ನಮ್ಮೋನೂ ಬೈಯ್ಯೋನೇ," ಎಂದಳು ನಿಧಾನವಾಗಿ. "ಬಾಯಿ ಬಲೇ ಕೆಟ್ದು ಅವುಂದು. ಓದ್ ದಪ ಬಂದಾಗ ರಸಕ್ಕೆ ಉಪ್ಪು ಒಂದ್ ಕಲ್ಲು ಜಾಸ್ತಿ ಆತು ಅಂತ ತಟ್ಟೆ ತಳ್ಬುಟ್ಟು ಎದ್ದ. ನಾನೂ ಬೈದೆ. ಎಲ್ರೂ ಬಂದು ಯೋಳ್ತವ್ರೆ, ಸ್ವಾಮಿ ಅವ್ನು, ಸ್ವಾಮಿ ಆಗ್ಬುಟ್ಟ ಅಂತ. ಯಾವ ಸ್ವಾಮಿ? ನಂಗೆ ಅವ್ನ ಮೊಕಾನೇ ಗ್ಯಾಪಕ ಬರಾಕಿಲ್ಲ ತಂಬಿ, ನಿನ್ನೆಯಿಂದ. ಪಟ ನೋಡಿದ್ರೂ ಯಾರೋ ಅನ್ನಿಸ್ತದೆ. ಈಗ ಬಂತು. ತಟ್ಟೆ ತಳ್ದಾಗ ಇಂಗೆ ಮೂಗು ಅರಳಿಸ್ತಾನೆ..." ತನ್ನ ಮೂಗಿನ ಹೊಳ್ಳೆ ಅರಳಿಸಿ ತೋರಿಸಿದಳು, ತೋರಿಸುತ್ತಲೇ ಆ ಮುಖ ಮುರಿದು ಬಿತ್ತು, ಎರಡು ದಿನದಿಂದ ಬಾರದ ಅಳು ಹೊಟ್ಟೆಯಿಂದಲೇ ಕಿತ್ತುಕೊಂಡು ಬಂತು. ಪಾಂಡೀಶ್ವರಿ ಅವಳನ್ನು ತಬ್ಬಿಕೊಂಡಳು. ಅದೇ ಹೊತ್ತಿಗೆ ಹೊರಗೆ ಬಂತು ಬಂತು ಎಂಬ ಗಲಭೆ ಎದ್ದಿತು, ಕುರ್ಚಿಗಳು ಉರುಳಿದವು, ಯಾರೋ ಮೈಕಿನಲ್ಲಿ ಘೋಷಣೆ ಶುರುಮಾಡಿದರು. ಹೆಂಗಸರೆಲ್ಲ ಒಮ್ಮೆಗೇ ಎದ್ದರು. ಆ ನೂಕಿನಲ್ಲಿ ಮುನಿಯಮ್ಮಾಳ್ ಅವನ ಮಣಿಕಟ್ಟು ಹಿಡಿದಳು. ಕಳೆ ಕಿತ್ತು ಕಿತ್ತು ಗಟ್ಟಿಯಾದ ಬೆರಳುಗಳು. "ಆಮೇಲೆ? ಆಮೇಲೇನಂದ ಅವ್ನು?"

"ಇನ್ನೂ ಅದೆ ಅಕ್ಕಾ."

"ಎಲ್ಲಾ ಆದ್ಮೇಲೆ ಬಂದು ಯೋಳು. ಓಗ್ಬುಡ್ಬ್ಯಾಡ."

ಪೆಟ್ಟಿಗೆಯನ್ನು ಶಾಮಿಯಾನದ ನಡುವೆ ಇಟ್ಟರು. ಬಾವುಟ ಹೊದಿಸಿದ ಆ ಪೆಟ್ಟಿಗೆ ಒಬ್ಬ ಮನುಷ್ಯನಿಗೆ ತೀರ ಅಚ್ಚುಕಟ್ಟಾಗಿ ಕಂಡಿತು. ಹೂಮಾಲೆಯ ಚಕ್ರಗಳು ಬಂದವು, ಅಧಿಕಾರಿಗಳು ಬೂಟು ಕಳಚಿ ಬಂದರು, ದೊಡ್ಡವರು ಬಂದರು, ಅವರ ಹಿಂದೆ ಕ್ಯಾಮರಾಗಳು. ಮುನಿಯಮ್ಮಾಳ್ ಪೆಟ್ಟಿಗೆಯ ಮೇಲೆ ಕೆನ್ನೆಯಿಟ್ಟು ಏನನ್ನೋ ಹೇಳುತ್ತಿದ್ದಳು. ಮೈಕಿನ ಗದ್ದಲದಲ್ಲಿ ಕೇಳಲಿಲ್ಲ, ಆದರೆ ಅವಳ ಮುಖ ನೋಡಿದರೆ ಬೈಯುತ್ತಿದ್ದ ಹಾಗಿತ್ತು. ಪೆರಿಯಣ್ಣನ್ ಕಾಳಿಮುತ್ತುವನ್ನು ಬೆನ್ನು ಹಿಡಿದು ಮೈಕಿನ ಮುಂದಕ್ಕೆ ನೂಕಿದ. "ಎರಡೇ ಭಾಗ," ಎಂದು ಕಿವಿಯಲ್ಲಿ ಹೇಳಿದ.

ಅವನು ಶುರುಮಾಡಿದ. ದನಿ ತಾನಾಗಿಯೇ ಏರಬೇಕಾದಲ್ಲಿ ಏರಿತು, ನಿಲ್ಲಬೇಕಾದಲ್ಲಿ ನಿಂತಿತು. ಅಷ್ಟು ಸಲ ಓದಿದ್ದರಿಂದ ಅವನ ಗಂಟಲಿಗೆ ಅವನ ಅಗತ್ಯವಿರಲಿಲ್ಲ. ಶಿಖರ ಬಂತು, ಮಂಜು ಬಂತು, ತಾಯ್ನಾಡು ಬಂತು. ಮುಂದಿನದು ಆ ಸಾಲು. ಅವನು ಬಾಯಿ ತೆರೆದ. ಪೆಟ್ಟಿಗೆಯ ಮೇಲಿನಿಂದ ಮುನಿಯಮ್ಮಾಳ್ ತಲೆಯೆತ್ತಿದಳು. ಅವಳ ಕಣ್ಣಿನಲ್ಲಿ ಸಿಟ್ಟಿರಲಿಲ್ಲ, ತಡೆಯೂ ಇರಲಿಲ್ಲ. ಓದು, ಇದೂ ಒಂದು ಶಾಸ್ತ್ರ ತಾನೆ, ಮುಗಿಸು, ಎಂಬಂಥ ದಣಿವು ಮಾತ್ರ ಇತ್ತು. ಅವನಿಗೆ ಆಗಲಿಲ್ಲ. ಸಿ ಎಂಬ ಅಕ್ಷರ ಹಲ್ಲಿನ ಹಿಂದೆ ನಿಂತುಬಿಟ್ಟಿತು. ಮೈಕಿನಲ್ಲಿ ಅವನ ಉಸಿರು ಗೊರಗೊರ ಎಂದಿತು. ಒಬ್ಬ ಅಧಿಕಾರಿ ತಲೆ ತಿರುಗಿಸಿ ನೋಡಿದ. ಪೆರಿಯಣ್ಣನ್ ಕೆಮ್ಮಿದ. ನಿಂತದ್ದು ಎಷ್ಟು ಹೊತ್ತೋ, ಅವನು ಕೈ ಮುಗಿದು ಕೆಳಗಿಳಿದುಬಿಡೋಣವೆಂದು ಒಂದು ಹೆಜ್ಜೆ ಹಿಂದಿಟ್ಟ. ಆಗ ಬಿಸಿಲಿನಲ್ಲಿ ನಿಂತಿದ್ದ ಮಕ್ಕಳ ಸಾಲಿನಿಂದ, ಪಾಠ ಒಪ್ಪಿಸುವ ಕೀಚು ರಾಗದಲ್ಲಿ, ಎಲ್ಲ ಒಟ್ಟಿಗೆ, "ಸಿರಿತ್ತಪಡಿಯೇ ಸಾಯ್ಂದಾನ್!" ಎಂದು ಕೂಗಿದವು. ಹಿಂದೆಯೇ ಜನವೂ ಕೂಗಿತು. ಪೊಲೀಸನೊಬ್ಬನ ತುಟಿಯೂ ಆಡಿತು. ಕೈಗಳು ಮೇಲೆದ್ದವು, ಬಾವುಟಗಳು ಎದ್ದವು, ಉಳಿದ ಸಾಲುಗಳನ್ನೂ ಅವರೇ, ಒಂದಕ್ಷರ ತಪ್ಪದೆ, ಅವನು ಬರೆದದ್ದಕ್ಕಿಂತ ಗಟ್ಟಿಯಾಗಿ, ಕೊನೆಯವರೆಗೆ ಹೇಳಿ ಮುಗಿಸಿದರು. ಅವನು ಬಾಯಿ ಮುಚ್ಚಿ ಅಲ್ಲೇ ನಿಂತಿದ್ದ. ಅವನಿಲ್ಲದೆಯೂ ಅದು ನಡೆಯುತ್ತಿತ್ತು. ನಾಳೆ ಅವನು ಸತ್ತರೂ ನಡೆಯುತ್ತದೆ, ಅವನು ಬೈಯುತ್ತ ಸತ್ತರೂ ನಗುತ್ತಲೇ ಒರಗಿದನೆಂದು ಇದೇ ಮಕ್ಕಳು ಕೂಗುತ್ತಾರೆ.

ಸುಡುಗಾಡಿನಲ್ಲಿ ಗೌರವಕ್ಕೆ ತುಪಾಕಿ ಹಾರಿಸಿದರು, ಬೇವಿನ ಮರದ ಕಾಗೆಗಳೆಲ್ಲ ಎದ್ದು ಸುತ್ತಿ ಮತ್ತೆ ಕೂತವು. ಎಲ್ಲ ಮುಗಿದು ಜನ ಚದುರುವಾಗ ಪೆರಿಯಣ್ಣನ್ ಅವನನ್ನು ಕಾರಿನ ಹತ್ತಿರ ಎಳೆದುಕೊಂಡು ಹೋದ. ಅವನ ಕಣ್ಣು ನಿಜವಾಗಿಯೂ ತುಂಬಿತ್ತು. "ಏನು ಮಾಡಿಬಿಟ್ಟಿರಿ ಕವಿಞರೇ! ಆ ಸಾಲಿಗೆ ನಿಲ್ಲಿಸಿ, ಜನರ ಬಾಯಿಂದಲೇ ಹೇಳಿಸಿದ್ದು! ದೊಡ್ಡವರು ಕೇಳಿದರು ಯಾರು ಇವರು ಅಂತ. ಇನ್ನು ಮೇಲೆ ಎಲ್ಲಾ ಕಡೆ ಹೀಗೇ ಮಾಡಿ. ದಿಂಡಿಗಲ್‌ನಲ್ಲಿ ನಮ್ಮ ಸಂಘದ ಸಭೆ ಇದೆ, ಅಲ್ಲೂ ಹೀಗೇ. ಹತ್ತಿ, ನಾನು ಆಂಡಿಪಟ್ಟಿಯಲ್ಲಿ ಬಸ್ಸಿಗೆ ಬಿಡ್ತೀನಿ."

"ನೀವು ಹೋಗಿ," ಎಂದ ಕಾಳಿಮುತ್ತು. "ನನಗಿಲ್ಲಿ ಸ್ವಲ್ಪ ಕೆಲಸ ಇದೆ."

"ಇಲ್ಲಿ ಏನು ಕೆಲಸ?"

ನೆಂಟರು ಇದ್ದಾರೆ ಎಂದ. ಸಭೆಗೆ ಬರುವುದಿಲ್ಲವೆಂದೂ ಹೇಳಬೇಕೆಂದುಕೊಂಡ. ಪೆರಿಯಣ್ಣನ್ ಕಣ್ಣೊರೆಸಿಕೊಳ್ಳುತ್ತಿದ್ದದ್ದನ್ನು ನೋಡಿ ಅದನ್ನು ಇನ್ನೊಂದು ದಿನಕ್ಕಿಟ್ಟ. ಆ ಇನ್ನೊಂದು ದಿನ ಬರುತ್ತದೋ ಇಲ್ಲವೋ, ಮತ್ತೆ ಫೋನು ನಡುಗಿದಾಗ ಮತ್ತೆ ಸರಿ ಎನ್ನುತ್ತಾನೋ, ತನ್ನ ಮೇಲೆ ಅವನಿಗೆ ಅಂಥ ನಂಬಿಕೆಯೇನೂ ಇರಲಿಲ್ಲ. ಕಾರು ಧೂಳೆಬ್ಬಿಸಿ ಹೋಯಿತು. ಅವನು ಬೆರೆ ಟೋಪಿಯನ್ನು ತೆಗೆದು ಕಂಕುಳಲ್ಲಿಟ್ಟುಕೊಂಡು ಊರೊಳಕ್ಕೆ ನಡೆದ. ಗಾಡಿಯಲ್ಲಿ ಕುರ್ಚಿಗಳನ್ನು ಒಂದರ ಮೇಲೊಂದು ಪೇರಿಸುತ್ತಿದ್ದರು.

ಮನೆಯಲ್ಲಿ ನೆಲ ತೊಳೆದು ಇನ್ನೂ ತೇವವಿತ್ತು. ಪಾಂಡೀಶ್ವರಿ ಅವನನ್ನು ಕಂಡು ಬೆರಳನ್ನು ತುಟಿಗಿಟ್ಟು, ಅಮ್ಮ ಈಗ ತಾನೇ ಮಲಗಿದ್ದಾರೆ ಎಂದು ತಮಿಳಿನಲ್ಲಿ ಪಿಸುಗುಟ್ಟಿದಳು. ಅವನು ಹೊರಗೆ ಜಗಲಿಯ ಮೇಲೆ ಕೂತು ಬೂಟು ಬಿಚ್ಚಿದ, ಪ್ಯಾಂಟಿನ ಗುಂಡಿಯನ್ನೂ ಬಿಚ್ಚಿ ಅಂಗಿ ಇಳಿಬಿಟ್ಟ. ಮಣಿಮೇಗಲೈ ಫೋನ್ ಮಾಡಿ ಯಾವ ಬಸ್ಸು ಎಂದು ಕೇಳಿದಳು. ಲೇಟಾಗ್ತದೆ ಎಂದ. ಯಾಕೆ ಎಂದಳು. "ಒಬ್ರು ಕಾಯಕ್ಕೆ ಯೋಳವ್ರೆ," ಎಂದ. ಅವಳು ಶರಿ, ಬಂದು ಉಣ್ಣು ಎಂದಳು. ಬಿಸಿಲು ಬೀದಿಯ ಆಚೆ ದಡಕ್ಕೆ ಸರಿದಿತ್ತು. ಅವನು ಗೋಡೆಗೊರಗಿ ತೂಕಡಿಸಿದನೇನೋ. ಎಚ್ಚರವಾದಾಗ ಮುನಿಯಮ್ಮಾಳ್ ಹೊಸ್ತಿಲಲ್ಲಿ ಕೂತು, ಕೆದರಿದ ಕೂದಲು ಗಂಟು ಹಾಕಿಕೊಳ್ಳುತ್ತ ಅವನನ್ನೇ ನೋಡುತ್ತಿದ್ದಳು.

"ಉಂಡ್ಯಾ ತಂಬಿ?"

"ಇಲ್ಲ ಅಕ್ಕಾ."

ಅವಳು ಒಳಗೆ ತಿರುಗಿ ಮಗಳ ಹೆಸರು ಕೂಗಿದಳು. ಪಕ್ಕದ ಮನೆಯವರು ತಂದಿಟ್ಟಿದ್ದ ಅನ್ನ ಸಾಂಬಾರು ತಟ್ಟೆಯಲ್ಲಿ ಬಂತು. ಅವನು ಕಲಸಿದ. ಅವಳು ಅವನ ಕೈಯನ್ನೇ ನೋಡುತ್ತ, ಮೊದಲ ತುತ್ತು ಒಳಗೆ ಹೋಗುವವರೆಗೂ ಕಾದು, ಆಮೇಲೆ, "ಯೋಳು," ಎಂದಳು. "ಆಮೇಲೇನಂದ?"

ತಮಿಳಿನ ಒಂದು ಸಾಲು ಎಂದಿನಂತೆ ಬಟ್ಟೆ ಉಟ್ಟು ಬೊಟ್ಟಿಟ್ಟು ತಯಾರಾಗಿ ನಾಲಗೆಯ ಮೇಲೆ ಬಂದು ನಿಂತಿತು. ಅವನು ಅದನ್ನು ಹೋಗಗೊಟ್ಟ. ಬೇರೆ ಮಾತು ಬರಲು ಹೊತ್ತು ಹಿಡಿಯಿತು. ಬಂದಾಗ ಅದು ಅವನು ಎಣಿಸಿದ್ದ ಜಾಗದಿಂದ, ಆ ಕಂಬಳಿಯಿಂದ, ಶುರುವಾಗಲಿಲ್ಲ.

"ಅವ್ನ ಎಸ್ರು ದುರೈ ಅಕ್ಕಾ," ಎಂದ. "ಬಲೇ ಕೋಪದೋನು. ಮೇಲೆ ಚಳಿಗೆ ಬೇಳೇನೇ ಬೇಯಾಕಿಲ್ಲ. ಒಂದ್ ದಿನ ಅಡಿಗೆ ನಂದು. ಆ ಬೇಳೇನ ಒಂದೊಂದೇ ತಟ್ಟೆಯಿಂದ ಎತ್ತಿ ಎತ್ತಿ ನನ್ ಮೇಲೆ ಬೀಸ್ತಾನೆ, ಕಲ್ ಬೀಸ್ದಂಗೆ..."

ಮುನಿಯಮ್ಮಾಳ್ ಬಾಗಿಲಿಗೆ ಬೆನ್ನು ಕೊಟ್ಟು, ಬಿರುಕು ಬಿಟ್ಟ ಕಾಲುಗಳನ್ನು ಮುಂದಕ್ಕೆ ನೀಡಿಕೊಂಡಳು.

"ಊಂ," ಎಂದಳು.